ವೀಸಾ ವೈದ್ಯಕೀಯ ತಪಾಸಣೆಯ ಪ್ರಯಾಣ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ

ಹೊರದೇಶದಲ್ಲಿ ನೆಲೆಸಲು, ದುಡಿಯಲು ಅಥವಾ ದೀರ್ಘಕಾಲ ಓದಲು ಹೊರಟವರು ವೀಸಾ ಕೈಸೇರುವ ಮುನ್ನ ಆಯಾ ದೇಶ ಮಾನ್ಯ ಮಾಡಿದ ವೈದ್ಯರಲ್ಲಿ ಮಾಡಿಸಿಕೊಳ್ಳಬೇಕಾದ ದೇಹ ಪರೀಕ್ಷೆಯನ್ನು ವೀಸಾ ವೈದ್ಯಕೀಯ ತಪಾಸಣೆ ಎನ್ನುತ್ತಾರೆ. ಜನರ ಬಾಯಲ್ಲಿ ಇದು ‘ಮೆಡಿಕಲ್’. ಮಾನ್ಯತೆ ಪಡೆದ ಆಸ್ಪತ್ರೆಗಳೂ ರೋಗಪತ್ತೆ ಕೇಂದ್ರಗಳೂ ದೊಡ್ಡ ನಗರಗಳಲ್ಲಿವೆ. ಎಷ್ಟೇ ಅನುಭವಿಯಾದರೂ ಊರಿನ ವೈದ್ಯರು ಕೊಟ್ಟ ಫಿಟ್‌ನೆಸ್ ಪತ್ರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಜನ ಹೆಚ್ಚಾಗಿ ಬೆಂಗಳೂರಿಗೆ ಹೋಗುತ್ತಾರೆ. ಹೊರಟ ದೇಶ, ವೀಸಾದ ಬಗೆ ನೋಡಿಕೊಂಡು ಕೆಲವರು ಚೆನ್ನೈ, ಹೈದರಾಬಾದ್, ಕೊಚ್ಚಿ, ಮುಂಬೈವರೆಗೂ ಹೋಗಬೇಕಾಗುತ್ತದೆ.

ಈ ನಾಲ್ಕೂ ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯಾಯಿತು. ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿದ್ದು 2025ರ ಮೇ ತಿಂಗಳಲ್ಲಿ. ರಾಜಧಾನಿ ಐವತ್ತು ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇರುವುದರಿಂದ ಬೀದರ್ ಅಥವಾ ಕಾರವಾರದವರ ಪಾಡು ಇಲ್ಲಿಯವರಿಗಿಲ್ಲ. ಆದರೂ ಒಂದೇ ಸಲ ಹೋಗಿ ಮುಗಿಸಬಹುದಾದ ಕೆಲಸಕ್ಕೆ ಇಲ್ಲಿಯ ಎಷ್ಟೋ ಮನೆಯವರು ಮೂರು ನಾಲ್ಕು ಸಲ ಅಲೆಯುತ್ತಾರೆ. ಇದರ ಕಾರಣ ದೂರದಲ್ಲಿಲ್ಲ. ಊರಲ್ಲೇ ಸಿಗಬೇಕಿದ್ದ ಕಾಗದ, ಲಸಿಕೆ, ಮಾಹಿತಿ ಊರಲ್ಲಿ ಸಿಗದಿರುವುದರಲ್ಲಿದೆ.

ಹಿನ್ನೆಲೆ

ಗಡಿ ದಾಟುವವರ ಮೈ ನೋಡುವ ಪದ್ಧತಿ ಹಳೆಯದು. ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳನ್ನು ಸಾಗಿಸುತ್ತಿದ್ದ ಕಾಲದಲ್ಲಿ ಮದರಾಸಿನ ಡಿಪೋದಲ್ಲಿ ಹಡಗು ಹತ್ತುವ ಮುನ್ನ ವೈದ್ಯರ ತಪಾಸಣೆ ನಡೆಯುತ್ತಿತ್ತು. 1883ರ ವಲಸೆ ಕಾಯಿದೆ ಅದನ್ನು ವಿವರವಾಗಿ ವಿಧಿಸಿತ್ತು. ದಕ್ಷಿಣ ಆಫ್ರಿಕಾದ ನಟಾಲ್‌ಗೆ ಹೋದ ಹಡಗುಗಳ ಪಟ್ಟಿಗಳಲ್ಲಿ ಮೈಸೂರು ಸೀಮೆಯವರೂ ಸಿಗುತ್ತಾರೆ. ಆಗಿನ ತಪಾಸಣೆಯ ಉದ್ದೇಶ, ಆಳು ದುಡಿಯಬಲ್ಲನೇ ಎಂದು ತಿಳಿಯುವುದು. ಅಮೆರಿಕ 1891ರ ಕಾಯಿದೆಯಲ್ಲಿ ಅಂಟುರೋಗ ಇರುವವರಿಗೆ ಬಾಗಿಲು ಮುಚ್ಚಿತು. 1920ರ ದಶಕದಿಂದ ತಪಾಸಣೆಯನ್ನು ತನ್ನ ಬಂದರಿನಿಂದ ವಲಸಿಗರ ಸ್ವಂತ ದೇಶಕ್ಕೇ ಸರಿಸತೊಡಗಿತು. ಇಂದಿನ ವ್ಯವಸ್ಥೆಯ ಬೇರು ಅಲ್ಲಿದೆ.

ಈ ಚರಿತ್ರೆಯಲ್ಲಿ ಮರೆಯಬಾರದ ಅಧ್ಯಾಯ 1979ರದು. ಮದುವೆಯಾಗಲು ಲಂಡನ್ನಿಗೆ ಬಂದಿಳಿದ ಭಾರತೀಯ ಶಿಕ್ಷಕಿಯೊಬ್ಬರನ್ನು ಹೀಥ್ರೂ ನಿಲ್ದಾಣದಲ್ಲಿ ‘ಕನ್ಯತ್ವ ಪರೀಕ್ಷೆ’ಗೆ ಒಳಪಡಿಸಿದ ಸುದ್ದಿಯನ್ನು ದಿ ಗಾರ್ಡಿಯನ್ ಪತ್ರಿಕೆ ಬಯಲು ಮಾಡಿತು. ಭಾರತದಲ್ಲಿಯೂ ಬ್ರಿಟನ್ನಿನ ವೀಸಾ ಅಧಿಕಾರಿಗಳು ಅದೇ ಅಪಮಾನ ಎಸಗಿದ್ದು ಆಮೇಲೆ ತಿಳಿಯಿತು. ಪ್ರತಿಭಟನೆ ಎದ್ದ ಮೇಲೆ ಆ ಪರೀಕ್ಷೆ ನಿಂತಿತು. ಇಂದು ಮಾನ್ಯ ವೈದ್ಯರಲ್ಲಿ ಮಹಿಳಾ ಸಹಾಯಕಿ ಜೊತೆಗಿರಬೇಕೆಂದು ಕೇಳುವ ಹಕ್ಕು ಅರ್ಜಿದಾರರಿಗಿದೆ. ಪರೀಕ್ಷೆಯ ಯಾವ ಹಂತವನ್ನಾದರೂ ಯಾಕೆ ಮಾಡುತ್ತೀರಿ ಎಂದು ಕೇಳಬಹುದು. ಹಳ್ಳಿಯಿಂದ ಹೋದ ಹೆಣ್ಣುಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕಳಿಸುವುದು ಮನೆಯವರ ಕರ್ತವ್ಯ.

ಗಲ್ಫ್ ಮೆಡಿಕಲ್

ರಾಮನಗರ, ಚನ್ನಪಟ್ಟಣ ಪಟ್ಟಣಗಳಿಂದ ಕೊಲ್ಲಿ ದೇಶಗಳಿಗೆ ಹೋಗುವವರಲ್ಲಿ ಚಾಲಕರು, ಎಲೆಕ್ಟ್ರಿಷಿಯನ್ನರು, ಅಂಗಡಿ ಕೆಲಸದವರು, ಮನೆಗೆಲಸದವರು, ನರ್ಸ್‌ಗಳು ಇದ್ದಾರೆ. ಕೊಲ್ಲಿ ಸಹಕಾರ ಮಂಡಳಿಯ ದೇಶಗಳಿಗೆ ಬೇಕಾದ ತಪಾಸಣೆಯನ್ನು ಹಿಂದೆ ‘ಗಾಮ್ಕಾ’ ಎಂಬ ಒಕ್ಕೂಟದ ಕೇಂದ್ರಗಳು ನಡೆಸುತ್ತಿದ್ದವು. ಈಗ ‘ವಾಫಿದ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ಹೋಗುವ ದೇಶ, ತಪಾಸಣೆಯ ನಗರ, ಪಾಸ್‌ಪೋರ್ಟ್ ವಿವರ ತುಂಬಿ ಹಣ ಕಟ್ಟಿದರೆ ಚೀಟಿ ಬರುತ್ತದೆ. ಆ ಚೀಟಿಯಲ್ಲಿ ಸೂಚಿಸಿದ ಕೇಂದ್ರಕ್ಕೇ ಹೋಗಬೇಕು. ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಸಕ್ಕರೆ, ಯಕೃತ್ತು, ಮೂತ್ರಪಿಂಡ ಎಲ್ಲವನ್ನೂ ಪರೀಕ್ಷಿಸಿ, ಹೆಂಗಸರಿಗೆ ಗರ್ಭ ಪರೀಕ್ಷೆಯನ್ನೂ ಮಾಡಿ ಕೊನೆಗೆ ‘ಫಿಟ್’ ಅಥವಾ ‘ಅನ್‌ಫಿಟ್’ ಎಂದು ಬರೆಯುತ್ತಾರೆ. ಫಲಿತಾಂಶ ಒಂದೇ ಜಾಲದಲ್ಲಿ ದಾಖಲಾಗುವುದರಿಂದ, ಒಂದು ಕಡೆ ಅನ್‌ಫಿಟ್ ಆದವರು ಊರು ಬದಲಿಸಿ ಇನ್ನೊಂದು ಕೇಂದ್ರದಲ್ಲಿ ಪಾಸಾಗುತ್ತೇನೆಂದು ಹೊರಟರೆ ಕೈಯಲ್ಲಿದ್ದ ಹಣವೂ ಹೋಗುತ್ತದೆ. ‘ಅದೆಲ್ಲಾ ನಾನು ನೋಡ್ಕೋತೀನಿ’ ಎನ್ನುವ ಏಜೆಂಟರನ್ನು ನಂಬಿದವರ ಪಾಡೂ ಇದೇ.

ಕತಾರ್ ದಾರಿ ಬೇರೆ. ಬೆರಳಚ್ಚು, ತಪಾಸಣೆ, ಕೆಲಸದ ಕರಾರಿಗೆ ಸಹಿ ಮೂರನ್ನೂ ಒಂದೇ ಸೂರಿನಡಿ ಮುಗಿಸಲು ಆ ದೇಶ 2019ರಲ್ಲಿ ಭಾರತದ ಏಳು ನಗರಗಳಲ್ಲಿ ಕತಾರ್ ವೀಸಾ ಕೇಂದ್ರಗಳನ್ನು ತೆರೆಯಿತು: ದೆಹಲಿ, ಮುಂಬೈ, ಕೋಲ್ಕತ್ತ, ಲಖನೌ, ಹೈದರಾಬಾದ್, ಚೆನ್ನೈ, ಕೊಚ್ಚಿ. ಈ ಪಟ್ಟಿಯಲ್ಲಿ ಕರ್ನಾಟಕದ ಒಂದು ಊರೂ ಇರಲಿಲ್ಲ. ಚನ್ನಪಟ್ಟಣದ ಹುಡುಗ ಬೆಂಗಳೂರನ್ನು ಹಾದು ಇನ್ನೂ ಮುನ್ನೂರೈವತ್ತು ಕಿಲೋಮೀಟರ್ ಆಚೆಯ ಚೆನ್ನೈಗೆ ಹೋಗಬೇಕಾದದ್ದು ಹೀಗೆ. ರಾಮನಗರದ ಹಳಿಯ ಮೇಲೆಯೇ ಸಾಗುವ ಮೈಸೂರು–ಚೆನ್ನೈ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ತಲುಪುವುದು ಇಂಥವರಿಗೆ ಅನುಕೂಲ. ಆದರೆ ರಾತ್ರಿಯಿಡೀ ನಿದ್ದೆಗೆಟ್ಟು ಹೋದವರ ರಕ್ತದೊತ್ತಡ ಏರಿರುವುದುಂಟು. ವಯಸ್ಸಾದವರು ಒಂದು ದಿನ ಮೊದಲೇ ಹೋಗಿ ತಂಗುವುದು ಲೇಸು. ಕರಾರನ್ನು ತನಗೆ ತಿಳಿಯುವ ಭಾಷೆಯಲ್ಲಿ ಕೇಳಿ ತಿಳಿದು ಸಹಿ ಹಾಕಲು ಇದೊಂದು ಒಳ್ಳೆಯ ಅವಕಾಶವೂ ಹೌದು.

ರೇಷ್ಮೆ ಬಿಚ್ಚುವವರಿಗೆ ಬೆರಳಚ್ಚಿನಲ್ಲಿ ಬೇರೊಂದು ತೊಡಕಿದೆ. ನೂಲು ಬಿಚ್ಚುವ ಫಿಲೇಚರ್‌ನಲ್ಲಿ ಗೂಡು ಬೇಯುವ ಬಿಸಿನೀರಿಗೆ ವರ್ಷಗಟ್ಟಲೆ ಕೈ ಅದ್ದಿದವರ ಬೆರಳ ಗೆರೆಗಳು ಸವೆದು ಯಂತ್ರಕ್ಕೆ ಸಿಗದೆ ಹೋಗಬಹುದು. ಕೆಲವು ದಿನ ಕೆಲಸಕ್ಕೆ ಬಿಡುವು ಕೊಟ್ಟು, ಕೈಗೆ ಎಣ್ಣೆ ಹಚ್ಚಿಕೊಂಡು, ಬೆರಳಚ್ಚು ಕೊಡುವ ಹೊತ್ತಿಗೆ ಚೆನ್ನಾಗಿ ತೊಳೆದು ಒರೆಸಿಕೊಂಡು ಹೋದರೆ ಅನುಕೂಲ.

ಎದೆಯ ಎಕ್ಸ್‌ರೇ

ಯಾವ ದೇಶದ ತಪಾಸಣೆಯಲ್ಲೂ ಜನ ಹೆಚ್ಚು ಹೆದರುವುದು ಎಕ್ಸ್‌ರೇಗೆ. ಅದು ಹುಡುಕುವುದು ಮುಖ್ಯವಾಗಿ ಕ್ಷಯವನ್ನು. ಕೆನಡಾ, ಆಸ್ಟ್ರೇಲಿಯಾ ಹನ್ನೊಂದು ತುಂಬಿದವರಿಗೆ ಎಕ್ಸ್‌ರೇ ಕೇಳುತ್ತವೆ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೋಗುವ ಭಾರತೀಯರಿಗೆ ಬೇಕಾದ್ದು ಪೂರ್ತಿ ತಪಾಸಣೆಯಲ್ಲ, ಕ್ಷಯವಿಲ್ಲವೆಂಬ ಪ್ರಮಾಣಪತ್ರ. ಅದರ ಅವಧಿ ಆರು ತಿಂಗಳು. ಅಮೆರಿಕದ ವಲಸೆ ವೀಸಾಕ್ಕೆ ಹದಿನೈದು ತುಂಬಿದವರಿಗೆ ಎಕ್ಸ್‌ರೇ, ಎರಡರಿಂದ ಹದಿನಾಲ್ಕರ ಮಕ್ಕಳಿಗೆ ‘ಇಗ್ರಾ’ ಎಂಬ ರಕ್ತಪರೀಕ್ಷೆ. ನಮ್ಮ ಮಕ್ಕಳಿಗೆ ಹುಟ್ಟಿದಾಗಲೇ ಬಿಸಿಜಿ ಹಾಕಿರುತ್ತಾರೆ. ಹಳೆಯ ಚರ್ಮದ ಪರೀಕ್ಷೆ ಆ ಲಸಿಕೆಗೂ ಪ್ರತಿಕ್ರಿಯೆ ತೋರಿ ಗೊಂದಲ ಹುಟ್ಟಿಸುತ್ತಿತ್ತು. ಇಗ್ರಾದಲ್ಲಿ ಆ ತೊಂದರೆಯಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ನಡೆಯುವುದು ಇಷ್ಟೇ: ಮೇಲುಡುಗೆ ತೆಗೆದು ಆಸ್ಪತ್ರೆಯ ನಿಲುವಂಗಿ ತೊಟ್ಟು, ಫಲಕಕ್ಕೆ ಎದೆಯೊತ್ತಿ, ಗಲ್ಲ ಮೇಲೆತ್ತಿ, ಕೈಗಳನ್ನು ಸೊಂಟಕ್ಕಿಟ್ಟು ಭುಜ ಮುಂದೆ ಮಾಡಿ, ಉಸಿರು ಎಳೆದು ಹಿಡಿಯಬೇಕು. ಉಸಿರು ಅರ್ಧಕ್ಕೆ ಬಿಟ್ಟರೆ ಪುಪ್ಪುಸದ ಬುಡ ಮಸುಕಾಗಿ ಕಾಣುತ್ತದೆ, ಮತ್ತೊಮ್ಮೆ ನಿಲ್ಲಬೇಕು. ಲೋಹ ಚಿತ್ರಕ್ಕೆ ಅಡ್ಡಬರುವುದರಿಂದ ಸರ, ತಾಯಿತ, ಪಿನ್ನು ಎಲ್ಲವನ್ನೂ ತೆಗೆಸುತ್ತಾರೆ. ಮಾಂಗಲ್ಯ ತೆಗೆಯಬೇಕೆಂದಾಗ ಅರವತ್ತು ದಾಟಿದ ಅಮ್ಮಂದಿರು ಗಾಬರಿಯಾಗುತ್ತಾರೆ, ಕೆಲವರು ಅಳುತ್ತಾರೆ. ಆ ದಿನಕ್ಕೆ ಅರಿಶಿನದ ಕೊಂಬು ಕಟ್ಟಿದ ನೂಲನ್ನು ಹಾಕಿಕೊಂಡು ಬಂಗಾರವನ್ನು ಮನೆಯಲ್ಲೇ ಇಟ್ಟು ಬಂದರೆ ಮನಸ್ಸಿಗೂ ನೆಮ್ಮದಿ, ಕಳವಿನ ಭಯವೂ ಇಲ್ಲ. ಆ ನೂಲನ್ನೂ ಎದೆಯ ಮೇಲಿಂದ ಸರಿಸಲು ಹೇಳಬಹುದು ಎಂಬುದನ್ನು ಮಾತ್ರ ಮೊದಲೇ ತಿಳಿಸಿರಬೇಕು. ಬಸುರಿಯರು ತಮ್ಮ ಸ್ಥಿತಿಯನ್ನು ಮುಚ್ಚಿಡಬಾರದು. ಎಕ್ಸ್‌ರೇ ಮುಂದೂಡಲು, ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ತೆಗೆಸಿಕೊಳ್ಳಲು ಅಥವಾ ಬ್ರಿಟನ್ನಿನ ಸಂದರ್ಭದಲ್ಲಿ ಬದಲಿಗೆ ಕಫ ಪರೀಕ್ಷೆಗೆ ಹೋಗಲು ದಾರಿಯಿದೆ.

ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ಅರ್ಜಿಯ ಹಾದಿ ದೇಶಕ್ಕೊಂದು ತೆರನಾಗಿ ಕವಲೊಡೆಯುತ್ತದೆ. ಅಮೆರಿಕದ ನಿಯಮದಂತೆ ಮೂರು ದಿನ ಬೆಳಿಗ್ಗೆ ಕಫ ಕೊಡಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುವುದಷ್ಟೇ ಅಲ್ಲ, ಪ್ರಯೋಗಾಲಯದಲ್ಲಿ ಬೆಳೆಸಿಯೂ ನೋಡುತ್ತಾರೆ. ಕ್ಷಯದ ಬ್ಯಾಕ್ಟೀರಿಯಾ ಬಲು ನಿಧಾನವಾಗಿ ಬೆಳೆಯುವುದರಿಂದ ಫಲಿತಾಂಶಕ್ಕೆ ಎಂಟು ವಾರವಾದರೂ ಕಾಯಬೇಕಾಗಬಹುದು. 1991ರ ಸೂಚನೆಯಲ್ಲಿ ಕಫದ ಲೇಪ ಪರೀಕ್ಷೆ ಸಾಕಿತ್ತು. ಲೇಪದಲ್ಲಿ ಸಿಗದ ಪ್ರಕರಣಗಳು ತಪ್ಪಿಹೋಗುತ್ತಿದ್ದುದರಿಂದ 2007ರಲ್ಲಿ ಬೆಳೆಸಿ ನೋಡುವುದನ್ನು ಸೇರಿಸಿದರು. ರೋಗ ಇದ್ದರೆ ಚಿಕಿತ್ಸೆ ಮುಗಿಸಿ ಬರಬೇಕು. ವಾಸಿಯಾಗಿದ್ದರೆ, ಕಫ ಸ್ವಚ್ಛವಾಗಿದ್ದರೆ ಹಳೆಯ ಗಾಯದ ಗುರುತು ವೀಸಾಕ್ಕೆ ಅಡ್ಡಿಯಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ಧೋರಣೆಯೂ ಹೆಚ್ಚುಕಡಿಮೆ ಇದೇ. ಕೊಲ್ಲಿ ದೇಶಗಳ ನಿಯಮ ಹೀಗಲ್ಲ. ಅಲ್ಲಿ ಹತ್ತು ವರ್ಷದ ಹಿಂದೆ ಪೂರ್ತಿ ಗುಣವಾದ ಕ್ಷಯದ ಗುರುತು ಕಂಡರೂ ಅನ್‌ಫಿಟ್. ಔಷಧ ತಪ್ಪದೆ ನುಂಗಿ ಗೆದ್ದವರನ್ನೂ ಹೀಗೆ ತಳ್ಳಿಹಾಕುವುದಕ್ಕೆ ವೈದ್ಯವಿಜ್ಞಾನದ ಬೆಂಬಲವಿಲ್ಲ. ಅದು ದುಡಿಯುವ ಬಡವರ ಮೇಲಿನ ಅನ್ಯಾಯ.

ಈ ತಾಲ್ಲೂಕುಗಳ ಕಸುಬುಗಳೇ ಎದೆಯ ಮೇಲೆ ಗುರುತು ಬಿಡುವಂಥವು. ಕನಕಪುರದ ಸುತ್ತಿನ ಕಲ್ಲು ಕ್ವಾರಿಗಳಲ್ಲಿ ಒಡೆದ ಕಲ್ಲಿನ ದೂಳು ಪುಪ್ಪುಸದಲ್ಲಿ ಸಿಲಿಕೋಸಿಸ್ ತರುತ್ತದೆ. ಅದರ ಗಂಟುಗಳು ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣಬಹುದು. ಅಷ್ಟೇ ಅಲ್ಲ, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ರೇಷ್ಮೆ ಫಿಲೇಚರ್‌ಗಳ ಸೌದೆಹೊಗೆ, ಹಬೆ, ಗೂಡಿನ ದೂಳಿನಿಂದ ಕೆಮ್ಮು, ಉಬ್ಬಸ ಹಿಡಿದವರಿದ್ದಾರೆ. ಚನ್ನಪಟ್ಟಣದ ಗೊಂಬೆ ಮಾಡುವವರ ಉಸಿರಿಗೆ ಹಾಲೆಮರದ ಹೊಟ್ಟು ಹೋಗುತ್ತದೆ. ಇಂಥ ಕಸುಬಿನವರು ತಪಾಸಣೆಯ ವೈದ್ಯರಿಗೆ ತಮ್ಮ ಕೆಲಸ ಏನೆಂದು ತಾವಾಗಿಯೇ ಹೇಳಬೇಕು. ನೆರಳು ಯಾವುದರದೆಂದು ಊಹಿಸಲು ಅದೇ ಮೊದಲ ಸುಳಿವು.

ಬೆಂಗಳೂರು ಜಿಲ್ಲೆಗೂ ಕ್ಷಯದ ಅಧ್ಯಯನಕ್ಕೂ ಹಳೆಯ ನಂಟು. 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮರುದಶಕದಲ್ಲಿ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ವರ್ಷಗಳ ಕಾಲ ಮತ್ತೆಮತ್ತೆ ಪರೀಕ್ಷಿಸಿ, ಹಳ್ಳಿಗಾಡಿನಲ್ಲಿ ಕ್ಷಯ ಹೇಗೆ ಬಾಳುತ್ತದೆಂದು ಜಗತ್ತಿಗೆ ತೋರಿಸಿತು. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರ ಹೆಸರು ‘ನಿಕ್ಷಯ್’ ಜಾಲದಲ್ಲಿ ದಾಖಲಾಗುತ್ತದೆ. ಆ ದಾಖಲೆಯ ಸಂಖ್ಯೆ, ಚಿಕಿತ್ಸೆ ಶುರುವಾದ ಮತ್ತು ಮುಗಿದ ದಿನಾಂಕ, ಕೊಟ್ಟ ಔಷಧಗಳ ಹೆಸರು, ಹಳೆಯ ಎಕ್ಸ್‌ರೇ ಇವಿಷ್ಟು ಕೈಯಲ್ಲಿದ್ದರೆ ಪಾಶ್ಚಾತ್ಯ ದೇಶಗಳ ತಪಾಸಣೆಯ ಅರ್ಧ ಗೋಜಲು ಬಗೆಹರಿಯುತ್ತದೆ: ಹಳೆಯ ಚಿತ್ರಕ್ಕೂ ಹೊಸದಕ್ಕೂ ವ್ಯತ್ಯಾಸವಿಲ್ಲವೆಂದರೆ ಗಾಯ ಹಳತೆಂದು ತಿಳಿಯುತ್ತದೆ. ಆದರೆ ಕಾಯಿಲೆ ವಾಸಿಯಾದ ಸಂತೋಷಕ್ಕೋ, ಊರವರ ಕಣ್ಣಿಗೆ ಬೀಳದಿರಲೆಂದೋ ಜನ ಆ ಕಾಗದಗಳನ್ನೇ ಮೊದಲು ಹರಿದು ಹಾಕಿರುತ್ತಾರೆ. ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ಕೇಳದೆಯೇ ಪ್ರಮಾಣಪತ್ರ ಕೊಟ್ಟು, ಅದನ್ನು ಜೋಪಾನ ಮಾಡಲು ಹೇಳುವ ಕೆಲಸವನ್ನು ಆಸ್ಪತ್ರೆಗಳು ರೂಢಿ ಮಾಡಿಕೊಳ್ಳಬೇಕು.

ಲಸಿಕೆ ಮತ್ತು ತಾಯಿ ಕಾರ್ಡ್

ಅಮೆರಿಕ 1996ರ ಕಾಯಿದೆಯಿಂದ ವಲಸಿಗರಿಗೆ ಲಸಿಕೆ ಕಡ್ಡಾಯ ಮಾಡಿತು. ಮಕ್ಕಳ ಪುರಾವೆಯೆಂದರೆ ಇಲ್ಲಿ ತಾಯಿ ಕಾರ್ಡ್. ಹೆರಿಗೆಗೆ ಮೊದಲೇ ಆರೋಗ್ಯ ಸಹಾಯಕಿಯರು ತುಂಬಿಕೊಡುವ ಆ ಕಾರ್ಡಿನ ಮಡಿಕೆ ಸವೆದು, ನೀರು ಬಿದ್ದು, ಶಾಯಿ ಹರಡಿ, ಎಷ್ಟೋ ಸಲ ದಿನಾಂಕವೇ ಓದಲು ಬಾರದು. ದಿನಾಂಕವಿಲ್ಲದ ಲಸಿಕೆ ಹಾಕಿಸಿದ ಲೆಕ್ಕಕ್ಕೆ ಬಾರದು, ಮತ್ತೆ ಚುಚ್ಚಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಅದೇ ವಿವರ ಇರುತ್ತದೆ. ಆಶಾ ಕಾರ್ಯಕರ್ತೆಯ ಮೂಲಕ ಕೇಳಿ, ಮೊಹರು ಹಾಕಿಸಿದ ಪ್ರತಿ ಪಡೆದರೆ ಮಗುವಿಗೆ ಮರುಚುಚ್ಚು ತಪ್ಪುತ್ತದೆ.

ಕಾರ್ಡು ಪೂರ್ತಿಯಿದ್ದರೂ ಕೊರತೆ ಉಳಿಯುವುದುಂಟು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಅಭಿಯಾನವಾಗಿ ಶುರುವಾದ ಸರ್ಕಾರಿ ಲಸಿಕೆ ದಡಾರ ಮತ್ತು ರುಬೆಲ್ಲಾ ಎರಡಕ್ಕೆ ಮಾತ್ರ. ಅಮೆರಿಕ ಕೇಳುವುದು ಮಂಗನಬಾವನ್ನೂ ಸೇರಿಸಿದ ಎಂಎಂಆರ್. ಸೀತಾಳೆ ಸಿಡುಬಿನ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ಅದನ್ನೂ ಕೇಳುತ್ತಾರೆ. ಹೀಗಾಗಿ ಅಂಗನವಾಡಿಯಲ್ಲಿ ಒಂದೂ ತಪ್ಪದೆ ಹಾಕಿಸಿಕೊಂಡ ಮಗುವಿನ ತಂದೆತಾಯಿಯೂ ‘ಅಪೂರ್ಣ’ ಎಂಬ ಮಾತು ಕೇಳಿ ಪೆಚ್ಚಾಗುತ್ತಾರೆ. ತಪ್ಪು ಅವರದಲ್ಲ, ಎರಡು ದೇಶಗಳ ಪಟ್ಟಿ ಬೇರೆ ಬೇರೆ. ವಯಸ್ಸಾದವರಿಗೆ ಬಾಲ್ಯದ ದಾಖಲೆ ಇರುವುದೇ ಇಲ್ಲ. ಅವರಿಗೆ ವಯೋಮಾನಕ್ಕೆ ತಕ್ಕಂತೆ ಲಸಿಕೆ ಕೊಡುತ್ತಾರೆ, ಅರವತ್ತೈದು ದಾಟಿದವರಿಗೆ ನ್ಯುಮೋಕಾಕಲ್ ಲಸಿಕೆಯೂ ಸೇರುತ್ತದೆ. 2021ರ ಅಕ್ಟೋಬರಿನಿಂದ ಕಡ್ಡಾಯವಾಗಿದ್ದ ಕೋವಿಡ್ ಲಸಿಕೆಯನ್ನು 2025ರಲ್ಲಿ ಕೈಬಿಟ್ಟರು.

ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರಿಗೆ ಪೀತಜ್ವರದ ಲಸಿಕೆ ಬೇಕು. ಅದೂ ನಿಗದಿತ ಕೇಂದ್ರದಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡ ಹತ್ತು ದಿನದ ಮೇಲೆ ಅದರ ಪ್ರಮಾಣಪತ್ರ ಊರ್ಜಿತ. 2016ರ ಜುಲೈನಿಂದ ಅದು ಜೀವಮಾನಕ್ಕೆ ಸಾಕು. ತೈಲ, ಗಿಡಮೂಲಿಕೆ ಮಾರಲು ಆಫ್ರಿಕಾ ಸುತ್ತುವ ಹಕ್ಕಿಪಿಕ್ಕಿ ಜನರಿಗೆ ಈ ಪ್ರಮಾಣಪತ್ರದ ಹಳದಿ ಪುಸ್ತಕ ಚಿರಪರಿಚಿತ.

ಮಕ್ಕಳ ಬಳಿಗೆ ಹೊರಟ ತಂದೆತಾಯಿ

ಅಮೆರಿಕದ ಪೌರರಾದ ಮಕ್ಕಳು ಕರೆಸಿಕೊಳ್ಳುವ ತಂದೆತಾಯಿಯದು ಈ ಭಾಗದಲ್ಲಿ ಹೆಚ್ಚುತ್ತಿರುವ ಪ್ರಯಾಣ. ಪ್ರವಾಸಿ ವೀಸಾಕ್ಕೂ ಸಾಮಾನ್ಯವಾಗಿ ವಿದ್ಯಾರ್ಥಿ, ಎಚ್-1ಬಿ ವೀಸಾಗಳಿಗೂ ತಪಾಸಣೆ ಇಲ್ಲ. ವಲಸೆ ವೀಸಾಕ್ಕೆ ಇದೆ. ಸಂದರ್ಶನ ನಡೆಯುವುದು ಮುಂಬೈಯ ಬಾಂದ್ರಾ–ಕುರ್ಲಾ ಸಂಕೀರ್ಣದ ದೂತಾವಾಸದಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಇರಲಿಲ್ಲ. ತಪಾಸಣೆಯನ್ನು ದೂತಾವಾಸದ ಪಟ್ಟಿಯಲ್ಲಿರುವ ಯಾವ ನಗರದಲ್ಲಾದರೂ ಮುಗಿಸಬಹುದು. ಸಂದರ್ಶನಕ್ಕೆ ನಾಲ್ಕೈದು ದಿನ ಮೊದಲು ಮುಂಬೈಗೆ ಹೋಗಿ ಎರಡನ್ನೂ ಒಟ್ಟಿಗೆ ಮುಗಿಸುವವರಿದ್ದಾರೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ಹಗಲು ಒಂದು ರಾತ್ರಿಯ ಪ್ರಯಾಣ. ಕಫ ಕೊಡಬೇಕಾಗಿ ಬಂದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ, ಪರವೂರಲ್ಲಿ ಉಳಿಯುವ ಖರ್ಚು ಬೆಳೆಯುತ್ತದೆ. ಹಿಂದೆ ಕ್ಷಯ ಬಂದಿದ್ದವರು, ಕೆಮ್ಮು ಇರುವವರು ಹತ್ತಿರದ ನಗರದಲ್ಲಿ ಬೇಗನೇ ತಪಾಸಣೆ ಮಾಡಿಸುವುದು ಕ್ಷೇಮ. ವರದಿಯ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಆದ್ದರಿಂದ ತೀರಾ ಮೊದಲೂ ಹೋಗಬಾರದು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದ ಮಾತ್ರಕ್ಕೆ ಅಮೆರಿಕದ ತಪಾಸಣೆಯಲ್ಲಿ ಅನರ್ಹರಾಗುವುದಿಲ್ಲ. ತಪಾಸಣೆಯ ದಿನ ಮಾತ್ರೆ ಬಿಡಬೇಕೆಂದು ಯಾರೋ ಹೇಳಿದ ಮಾತು ಕೇಳಿ ಒತ್ತಡ ಏರಿಸಿಕೊಂಡು ಹೋಗುವುದು ತಪ್ಪು. ನುಂಗುವ ಮಾತ್ರೆಗಳ ಹೆಸರು ಬರೆದ ಚೀಟಿ, ಕನ್ನಡಕ, ಹಳೆಯ ಶಸ್ತ್ರಚಿಕಿತ್ಸೆಯ ಕಾಗದ ಜೊತೆಗಿರಲಿ. ಎಚ್‌ಐವಿ ಇದ್ದವರ ಮೇಲಿದ್ದ ಅಮೆರಿಕದ ನಿರ್ಬಂಧ 2010ರ ಜನವರಿ 4ರಂದು ತೆರವಾಯಿತು. ಆದರೆ ಆಸ್ಟ್ರೇಲಿಯಾ ಕಾಯಿಲೆಯ ಖರ್ಚನ್ನು ಅಳೆಯುತ್ತದೆ. ಸರ್ಕಾರಕ್ಕೆ ತಗಲುವ ವೆಚ್ಚ 2024ರ ಜುಲೈನಿಂದ 86,000 ಆಸ್ಟ್ರೇಲಿಯನ್ ಡಾಲರ್ ಮೀರುವಂತಿದ್ದರೆ ವೀಸಾ ತಡೆಯಬಹುದು. ಕೆನಡಾದಲ್ಲೂ ಇಂಥ ಮಿತಿಯಿದೆ, ಆದರೆ ಪತಿಪತ್ನಿ ಹಾಗೂ ಅವಲಂಬಿತ ಮಕ್ಕಳ ಕೌಟುಂಬಿಕ ಅರ್ಜಿಗಳಿಗೆ ಅದು ಅನ್ವಯಿಸುವುದಿಲ್ಲ. ವಿಶೇಷ ಆರೈಕೆ ಬೇಕಾದ ಮಗುವಿರುವ ಮನೆಯವರನ್ನು ಇಂಥ ಲೆಕ್ಕಾಚಾರ ಎಷ್ಟು ನೋಯಿಸುತ್ತದೆಂದು ಹೇಳಬೇಕಿಲ್ಲ.

ದಾರಿ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸ್ ಮಾಡಿ ಸಾಗುತ್ತದೆ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಅದರ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ನಾಲ್ಕು ಪಟ್ಟಣಗಳಲ್ಲಿ ರೈಲು ಇರುವುದೂ ಈ ಎರಡಕ್ಕೇ. ಅಲ್ಲಿಂದ ಬಸ್ಸಿನಲ್ಲಿ ಬರುವವರು 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ಬಂದ ನೇರಳೆ ಮೆಟ್ರೋ ಹಿಡಿದರೆ ಮೈಸೂರು ರಸ್ತೆಯ ವಾಹನ ದಟ್ಟಣೆ ತಪ್ಪುತ್ತದೆ. ಕನಕಪುರದವರಿಗೆ 2021ರ ಜನವರಿಯಿಂದ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಹಸಿರು ಮೆಟ್ರೋ ಸಿಗುತ್ತದೆ. ಮಾಗಡಿಯವರಿಗೆ ತಾವರೆಕೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದ ಬಸ್ಸಿನ ದಾರಿಯೇ ಗತಿ. ಬೆಳಗಿನ ಹೊತ್ತು ಆ ರಸ್ತೆಯಲ್ಲಿ ಎಷ್ಟು ಸಮಯ ಇಟ್ಟುಕೊಂಡರೂ ಸಾಲದು.

ಕೇಂದ್ರದ ಬಾಗಿಲಲ್ಲೇ ಹಿಂದಿರುಗಬೇಕಾಗಿ ಬರುವುದು ಹೆಚ್ಚಾಗಿ ಕಾಗದದಿಂದ. ಮೂಲ ಪಾಸ್‌ಪೋರ್ಟ್ ಬೇಕೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಆಸ್ಟ್ರೇಲಿಯಾಕ್ಕೆ ಎಚ್‌ಎಪಿ ಸಂಖ್ಯೆಯ ಪತ್ರ, ಅಮೆರಿಕಕ್ಕೆ ಸಂದರ್ಶನದ ಪತ್ರ, ಗಲ್ಫಿಗೆ ವಾಫಿದ್ ಚೀಟಿ. ಹಳೆಯ ಮೈಸೂರು ಸೀಮೆಯ ಹೆಸರುಗಳೇ ಒಂದು ಸಮಸ್ಯೆ: ಆಧಾರ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಲಸಿಕೆ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಪಾಸ್‌ಪೋರ್ಟಿನ ಹೆಸರೊಂದೇ ಪ್ರಮಾಣವೆಂದು ತಿಳಿದು ಉಳಿದ ದಾಖಲೆಗಳನ್ನು ಮೊದಲೇ ಸರಿಮಾಡಿಸಿಕೊಳ್ಳಬೇಕು. ಶುಲ್ಕವನ್ನು ಕೈಯಿಂದಲೇ ಕಟ್ಟಬೇಕು, ಆಯುಷ್ಮಾನ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಮುಟ್ಟಿನ ದಿನಗಳಲ್ಲಿ ಮೂತ್ರದಲ್ಲಿ ರಕ್ತ ಕಾಣುವುದರಿಂದ ಹೆಂಗಸರು ದಿನ ಗೊತ್ತುಮಾಡುವಾಗ ಅದನ್ನು ಗಮನದಲ್ಲಿಟ್ಟರೆ ಎರಡನೇ ಸಲ ಬರುವುದು ತಪ್ಪುತ್ತದೆ.

ತಪಾಸಣೆಯ ನಂತರ

ಕೆನಡಾ, ಆಸ್ಟ್ರೇಲಿಯಾಗಳಿಗೆ ವರದಿ ಇ-ಮೆಡಿಕಲ್ ಜಾಲದ ಮೂಲಕ ನೇರವಾಗಿ ಹೋಗುತ್ತದೆ. ಮುಚ್ಚಿದ ಲಕೋಟೆ ಕೈಗೆ ಕೊಟ್ಟಲ್ಲಿ ಅದನ್ನು ಒಡೆಯಬಾರದು. ವೀಸಾ ಕೊಡುವುದು, ಬಿಡುವುದು ವೈದ್ಯರ ಕೈಯಲ್ಲಿಲ್ಲ; ಅವರು ಕಂಡದ್ದನ್ನು ಬರೆಯುತ್ತಾರೆ, ತೀರ್ಮಾನ ಆಯಾ ಸರ್ಕಾರದ್ದು. ಅನ್‌ಫಿಟ್ ಎಂದಾದವರು ಮೊದಲು ಕಾರಣ ಕೇಳಿ ತಿಳಿಯಬೇಕು, ಬಳಿಕ ಊರಿನ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೆಪಟೈಟಿಸ್, ಮೂತ್ರಪಿಂಡದ ತೊಂದರೆ, ಕ್ಷಯ ಎಷ್ಟೋ ಜನಕ್ಕೆ ಗೊತ್ತಾಗುವುದೇ ಈ ತಪಾಸಣೆಯಲ್ಲಿ. ಕ್ಷಯಕ್ಕೆ ಸರ್ಕಾರದಲ್ಲಿ ಔಷಧ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ವಾಸಿಯಾದ ಕ್ಷಯದ ಗುರುತಿರುವವರಿಗೆ ಕೆನಡಾ ವೀಸಾ ಕೊಟ್ಟರೂ, ಅಲ್ಲಿಗೆ ತಲುಪಿದ ಮೇಲೆ ನಿಗಾ ಪತ್ರದಲ್ಲಿ ಹೇಳಿದ ಅವಧಿಯೊಳಗೆ ಸ್ಥಳೀಯ ಆರೋಗ್ಯ ಇಲಾಖೆಗೆ ವರದಿ ಮಾಡಿಕೊಳ್ಳಬೇಕು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಆರೋಗ್ಯ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹೊರಡುವ ಮುನ್ನ ಎಕ್ಸ್‌ರೇ ಹಾಗೂ ಚಿಕಿತ್ಸೆಯ ಕಾಗದಗಳ ಒಂದೊಂದು ಪ್ರತಿಯನ್ನು ಕೈಚೀಲದಲ್ಲಿ ಇಟ್ಟುಕೊಂಡವರಿಗೆ ಅಲ್ಲಿ ಎಲ್ಲವನ್ನೂ ಮೊದಲಿನಿಂದ ವಿವರಿಸುವ ಕಷ್ಟ ಇರುವುದಿಲ್ಲ.